ಹಳೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕೆಟ್ಟಿದ್ದರೆ ಎಲ್ಲಿಂದ ಶುರು ಮಾಡಬೇಕು

ಮಾವ 1984ರಲ್ಲಿ ಲಂಡನ್‌ನಿಂದ ತಂದ, ಟಿವಿಗೆ ಜೋಡಿಸಿ ಬಳಸುವ ಸ್ಪೆಕ್ಟ್ರಮ್ ಕಂಪ್ಯೂಟರ್ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಶಿರಸಿ ಕಡೆಯ ನಮ್ಮ ಮನೆ ಅಟ್ಟದಲ್ಲಿ, ಅಡಿಕೆ ಚೀಲದ ಪಕ್ಕ ಬಿದ್ದಿತ್ತು. ಥರ್ಮಾಕೋಲ್ ಡಬ್ಬಿಯನ್ನು ಇಲಿ ಕಡಿದಿತ್ತು. ರಬ್ಬರ್ ಕೀಗಳು ಮಾತ್ರ ಹೊಸದರ ಹಾಗೇ ಇದ್ದವು. ಟಿವಿಗೆ ಹಾಕಿದರೆ ಪರದೆ ತುಂಬ ಅಡ್ಡಾದಿಡ್ಡಿ ಪಟ್ಟೆ. ಆಮೇಲೆ ಅದನ್ನೂ ಸೇರಿಸಿ ಮೂರು ಸ್ಪೆಕ್ಟ್ರಮ್ ಸರಿ ಮಾಡಿದ್ದೇನೆ, ಒಂದನ್ನು ನನ್ನ ಕೈಯಾರೆ ಕೆಡಿಸಿದ್ದೇನೆ. ಜಾಸ್ತಿ ಕಲಿತದ್ದು ಕೆಡಿಸಿದ್ದರಿಂದಲೇ.

ಸ್ಪೆಕ್ಟ್ರಮ್ ಬಿಡುಗಡೆಯಾದದ್ದು 1982ರ ಏಪ್ರಿಲ್‌ನಲ್ಲಿ. ಬ್ರಿಟನ್ನಿನ ಸಿಂಕ್ಲೇರ್ ರಿಸರ್ಚ್ ಮಾಡಿದ್ದು. 16ಕೆ (16 ಕಿಲೋಬೈಟ್ ಮೆಮೊರಿ) ಮಾದರಿಗೆ 125 ಪೌಂಡ್, 48ಕೆಗೆ 175 ಪೌಂಡ್. ಭಾರತದಲ್ಲಿ ಡೆಸಿಬೆಲ್ಸ್ ಅನ್ನುವ ಕಂಪನಿ ಲೈಸೆನ್ಸ್ ಪಡೆದು ಸ್ಪೆಕ್ಟ್ರಮ್ ಪ್ಲಸ್ ಅನ್ನು 'ಡಿಬಿ ಸ್ಪೆಕ್ಟ್ರಮ್' ಅಂತ ಮಾರುತ್ತಿತ್ತು. ಹಾಗಾಗಿ ನಮ್ಮ ಕಡೆಯ ಅಟ್ಟಗಳಲ್ಲೂ ಒಂದೊಂದು ಸಿಗುತ್ತದೆ. ಪ್ಲಸ್‌ನ ಕೀಬೋರ್ಡ್ ಬೇರೆ, ಒಳಗಿನ ಎಲೆಕ್ಟ್ರಾನಿಕ್ಸ್ 48ಕೆಯದ್ದೇ. ಡಬ್ಬಿ ಬಿಚ್ಚುವುದು, ಕೀಬೋರ್ಡು ಬಿಟ್ಟು ಕೆಳಗೆ ಹೇಳುವುದು ಎರಡಕ್ಕೂ ಹೊಂದುತ್ತದೆ.

ಶುರುವಿಗೇ ಒಂದು ಮಾತು. ಸೋಲ್ಡರಿಂಗ್ ಐರನ್ ಬಿಸಿಗೆ ಇಡಬೇಡಿ. ಮೊದಲ ಒಂದು ಗಂಟೆ ಬರೀ ಮಲ್ಟಿಮೀಟರ್ ಕೆಲಸ. ಸುಮ್ನೆ ಅಂದಾಜಿನ ಮೇಲೆ ಚಿಪ್ ಬದಲಿಸುತ್ತಾ ಹೋದವರ ಬೋರ್ಡು ನೋಡಿದ್ದೇನೆ. ಎಂಟು ಒಳ್ಳೆ ಚಿಪ್ ಕಿತ್ತು, ಹದಿನೈದು ಕಡೆ ತಾಮ್ರದ ಗೆರೆ ಹರಿದು, ಮೂಲ ತೊಂದರೆ ಮಾತ್ರ ಹಾಗೇ ಇರುತ್ತದೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಡಿಜಿಟಲ್ ಮಲ್ಟಿಮೀಟರ್, ಸ್ಟಾರ್ ಸ್ಕ್ರೂಡ್ರೈವರ್, ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆ ಟೂತ್‌ಬ್ರಷ್. ಆಮೇಲೆ ಬೇಕಾಗುವುದು ಸಣ್ಣ ಮೊನೆಯ ಐರನ್, ಫ್ಲಕ್ಸ್, ಡೀಸೋಲ್ಡರಿಂಗ್ ಪಂಪ್, 16 ಪಿನ್ನಿನ ಐಸಿ ಸಾಕೆಟ್. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಅಡ್ಡಾಡಿದರೆ ಇದೆಲ್ಲ ಸಿಗುತ್ತದೆ. ಹಳೆ ಮೆಮೊರಿ ಚಿಪ್ ಮಾತ್ರ ಆನ್‌ಲೈನ್‌ನಲ್ಲೇ ಹುಡುಕಬೇಕು. ಬೇಕಾದ್ದಕ್ಕಿಂತ ಎರಡು ಜಾಸ್ತಿ ತರಿಸಿ. ಹಳೆ ಸ್ಟಾಕಿನಲ್ಲಿ ಸತ್ತವೂ ಇರುತ್ತವೆ, ಹೆಸರು ಅಳಿಸಿ ಬೇರೆ ಹೆಸರು ಅಚ್ಚು ಹಾಕಿದವೂ ಇರುತ್ತವೆ.

ಅಡಾಪ್ಟರ್

ಇಲ್ಲಿ ಎಡವಿದರೆ ಮುಂದಿನದ್ದೆಲ್ಲ ವ್ಯರ್ಥ. ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿಸಿ, 1.4 ಆಂಪಿಯರ್. ಪಿನ್ನಿನ ನಡುಭಾಗ ಮೈನಸ್, ಹೊರಗಿನ ಬಳೆ ಪ್ಲಸ್. ನಮ್ಮ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಅಡಾಪ್ಟರುಗಳದ್ದು ಇದಕ್ಕೆ ಸರಿಯಾಗಿ ಉಲ್ಟಾ. ಪಿನ್ನಿನ ಅಳತೆ ಒಂದೇ, ಆರಾಮಾಗಿ ಒಳಗೆ ಹೋಗುತ್ತದೆ. ಉಲ್ಟಾ ಕೊಟ್ಟರೆ ತಡೆಯುವುದಕ್ಕೆ ಒಳಗೆ ಡಯೋಡ್ ಕೂಡ ಇಲ್ಲ. ಹಾಗಾಗಿ ಅಡಾಪ್ಟರಿನ ಮೇಲಿನ ಚಿತ್ರವನ್ನು ನಂಬದೆ ಮೀಟರಿನ ಕೆಂಪು ಕಡ್ಡಿಯನ್ನು ಪಿನ್ನಿನ ನಡುವೆ, ಕಪ್ಪನ್ನು ಹೊರಗೆ ಇಟ್ಟು ನೋಡಿ. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ಸರಿ.

ಸಿಂಕ್ಲೇರ್‌ನ ಮೂಲ ಅಡಾಪ್ಟರ್ ಇದ್ದರೆ ಮೀಟರ್ 12 ಅಥವಾ 13 ವೋಲ್ಟ್ ತೋರಿಸಬಹುದು. ಗಾಬರಿ ಬೇಡ. ಒಳಗೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯುವ ರೆಗ್ಯುಲೇಟರ್ ಇಲ್ಲದಿರುವುದರಿಂದ ಲೋಡ್ ಇಲ್ಲದಾಗ ಹಾಗೇ ಇರುತ್ತದೆ, ಕಂಪ್ಯೂಟರ್‌ಗೆ ಹಾಕಿದ ಮೇಲೆ ಇಳಿಯುತ್ತದೆ. ಹೊಸದು ಕೊಳ್ಳುವುದಾದರೆ ಒಂದು ಉಪಾಯ: ಗಿಟಾರ್ ಪೆಡಲ್‌ಗಳ 9 ವೋಲ್ಟ್ ಅಡಾಪ್ಟರಿನಲ್ಲೂ ಸಾಮಾನ್ಯವಾಗಿ ನಡುಭಾಗವೇ ಮೈನಸ್. ಸಂಗೀತದ ಸಾಮಾನಿನ ಅಂಗಡಿಯಲ್ಲಿ ಕೇಳಿ. 2 ಆಂಪಿಯರ್‌ನದ್ದೇ ತಗೊಳ್ಳಿ, ಅರ್ಧ ಆಂಪಿಯರಿನದ್ದು ಸಾಲದು. ಹಳೆ ಅಡಾಪ್ಟರ್ ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ. ಈ ಇಡೀ ಕೆಲಸದಲ್ಲಿ 230 ವೋಲ್ಟ್ ಇರುವುದು ಅದರೊಳಗೆ ಮಾತ್ರ.

ಇನ್ನೊಂದು. ಸ್ಪೆಕ್ಟ್ರಮ್‌ಗೆ ಸ್ವಿಚ್ಚೇ ಇಲ್ಲ. ಅದಕ್ಕೇ ಜನ ಕರೆಂಟು ಇರುವಾಗಲೇ ಹಿಂದಿನ ಎಡ್ಜ್ ಕನೆಕ್ಟರಿಗೆ (ಹೊರಗಿನ ಸಾಧನ ಜೋಡಿಸುವ ಬೋರ್ಡಿನ ಅಂಚಿಗೆ) ಏನೇನೋ ಸಿಕ್ಕಿಸಿಬಿಡುತ್ತಾರೆ. ನಾನು ಕೆಡಿಸಿದ್ದೂ ಹೀಗೇ. ಜಾಯ್‌ಸ್ಟಿಕ್ ಇಂಟರ್‌ಫೇಸ್ ಸ್ವಲ್ಪ ಓರೆಯಾಗಿ ಹೋಯಿತು, ಪರದೆ ಒಮ್ಮೆ ಮಿಣುಕಿತು, ಕಥೆ ಮುಗಿಯಿತು. ಒಂದು ಟ್ರಾನ್ಸಿಸ್ಟರ್, ಎರಡು ಮೆಮೊರಿ ಚಿಪ್ ಹೋದವು. ಅಡಾಪ್ಟರಿನ ವೈರಿನ ನಡುವೆ ಒಂದು ಸ್ವಿಚ್ ಹಾಕಿಕೊಂಡರೆ ಈ ಗೋಳು ಇಲ್ಲ.

ಬಿಚ್ಚುವುದು

ಅಡಿಯಲ್ಲಿ ಐದು ಸ್ಕ್ರೂ. ಬಿಚ್ಚಿ, ಕಂಪ್ಯೂಟರನ್ನು ಸರಿಯಾಗಿ ಮೇಲ್ಮುಖ ಮಾಡಿ, ಮೇಲಿನ ಭಾಗವನ್ನು ಮುಂದಿನಿಂದ ನಿಧಾನ ಎತ್ತಿ. ಎಳೆಯಬೇಡಿ. ಕೀಬೋರ್ಡಿನಿಂದ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳು ಕೆಳಗಿನ ಬೋರ್ಡಿಗೆ ಹೋಗಿರುತ್ತವೆ. ನಲವತ್ತು ವರ್ಷದಲ್ಲಿ ಅವು ಒಣಗಿದ ಎಲೆಯ ಹಾಗಾಗಿರುತ್ತವೆ, ಮಡಚಿದರೆ ಮುರಿಯುತ್ತವೆ. ಬುಡದ ಹತ್ತಿರ ಹಿಡಿದು ನೇರ ಮೇಲಕ್ಕೆ ಜಾರಿಸಿ.

ಬೋರ್ಡ್ ಕಂಡ ತಕ್ಷಣ ಎರಡೂ ಕಡೆ ಫೋಟೋ ತೆಗೆದುಕೊಳ್ಳಿ. ಆಮೇಲೆ ಕಣ್ಣಿನಿಂದಲೇ ಹುಡುಕಿ: ಸುಟ್ಟ ಕಲೆ, ಹಸಿರು ಕಿಲುಬು, ಹಿಂದೆ ಯಾರೋ ಕೈಯಾಡಿಸಿದ ಬೆಸುಗೆ. ಮಲೆನಾಡು, ಕರಾವಳಿ ಕಡೆಯ ಮಶೀನಾದರೆ ಎಡ್ಜ್ ಕನೆಕ್ಟರ್ ಮತ್ತು ಸಾಕೆಟ್‌ಗಳಲ್ಲಿ ಕಿಲುಬು ಇದ್ದೇ ಇರುತ್ತದೆ. ಆಲ್ಕೋಹಾಲ್, ಬ್ರಷ್ ಸಾಕು. ಸಾಕೆಟ್‌ನಲ್ಲಿ ಕೂತ ಚಿಪ್‌ಗಳನ್ನು ಒಮ್ಮೆ ಎತ್ತಿ, ದಿಕ್ಕು ನೋಡಿ, ಮತ್ತೆ ಕೂರಿಸಿ. ಬರೀ ಇಷ್ಟರಿಂದಲೇ ಎದ್ದು ಕೂತ ಮಶೀನುಗಳೂ ಇವೆ.

ಮೂರು ವೋಲ್ಟೇಜು

ಈಗ ಮುಖ್ಯ ಕೆಲಸ. ಸ್ಪೆಕ್ಟ್ರಮ್‌ನ ಕೆಳಗಿನ 16ಕೆ ಮೆಮೊರಿ 4116 ಅನ್ನುವ ಎಂಟು ಚಿಪ್‌ಗಳಲ್ಲಿದೆ, ಐಸಿ-6ರಿಂದ ಐಸಿ-13ರವರೆಗೆ. ಈ 4116ಕ್ಕೆ ಒಂದು ವೋಲ್ಟೇಜ್ ಸಾಲದು, ಮೂರು ಬೇಕು: +5, +12, -5. ಬರುವುದು ಒಂದೇ 9 ವೋಲ್ಟ್. +5 ಅನ್ನು 7805 ರೆಗ್ಯುಲೇಟರ್ ಕೊಡುತ್ತದೆ. ಉಳಿದೆರಡನ್ನು ಟಿಆರ್-4, ಟಿಆರ್-5 ಎಂಬ ಎರಡು ಟ್ರಾನ್ಸಿಸ್ಟರ್ ಮತ್ತು ಒಂದು ಸಣ್ಣ ಕಾಯಿಲ್ ಸೇರಿ ಹುಟ್ಟಿಸುತ್ತವೆ. ಸ್ಪೆಕ್ಟ್ರಮ್ ಕೆಡುವುದು ಹೆಚ್ಚಾಗಿ ಇದೇ ಮೂಲೆಯಲ್ಲಿ.

ಅಡಾಪ್ಟರ್ ಹಾಕಿ. ಮೀಟರಿನ ಕಪ್ಪು ಕಡ್ಡಿಯನ್ನು ರೆಗ್ಯುಲೇಟರಿನ ಅಲ್ಯುಮಿನಿಯಂ ತಗಡಿಗೆ ಒತ್ತಿ ಹಿಡಿಯಿರಿ, ಅದು ಗ್ರೌಂಡ್. ಕೆಂಪು ಕಡ್ಡಿಯನ್ನು ಯಾವುದಾದರೂ ಒಂದು 4116ರ ಕಾಲುಗಳಿಗೆ ಮುಟ್ಟಿಸಿ. ಚಿಪ್ಪಿನ ತಲೆಯಲ್ಲಿ ಕಚ್ಚಿನ ಗುರುತು ಇರುತ್ತದೆ. ಅದು ಮೇಲಿದ್ದಾಗ ಎಡ ಸಾಲಿನ ಮೊದಲನೆಯದು 1ನೇ ಕಾಲು, ಅದೇ ಸಾಲಿನ ಕೊನೆಯದು 8, ಅದರ ಎದುರಿನದು 9, ಮೇಲೆ ಬಲಗಡೆ 16. 1ರಲ್ಲಿ -5 ಬರಬೇಕು. 8ರಲ್ಲಿ +12. 9ರಲ್ಲಿ +5. 16 ಗ್ರೌಂಡ್. ಕೈ ಗಟ್ಟಿಯಾಗಿರಲಿ. ಕಡ್ಡಿ ಜಾರಿ 8 ಮತ್ತು 9 ಒಟ್ಟಿಗೆ ಮುಟ್ಟಿದರೆ 5 ವೋಲ್ಟಿನ ಲೈನಿಗೆ 12 ನುಗ್ಗುತ್ತದೆ. ಇರುವೆರಡು ಕಡ್ಡಿಗಳಲ್ಲಿ ಮೊನೆ ಚೂಪಾಗಿರುವುದನ್ನೇ ಬಳಸಿ.

ಮೂರೂ ಸರಿ ಇದ್ದರೆ ಮುಂದಿನ ಭಾಗಕ್ಕೆ ಹೋಗಿ. +5 ಇಲ್ಲದಿದ್ದರೆ 7805ಕ್ಕೆ 9 ವೋಲ್ಟ್ ಬರುತ್ತಿದೆಯಾ ನೋಡಿ, ಬರುತ್ತಿದ್ದರೂ 5 ಹೊರಬರದಿದ್ದರೆ ಒಂದೋ ಅದೇ ಹೋಗಿದೆ, ಇಲ್ಲವೇ ಮುಂದೆಲ್ಲೋ ಶಾರ್ಟ್ ಇದೆ. ಆದರೆ ಜಾಸ್ತಿ ಕಾಣುವುದು ಬೇರೆ ದೃಶ್ಯ: +5 ಚೆನ್ನಾಗಿದೆ, 12 ಇರಬೇಕಾದಲ್ಲಿ 12 ಇಲ್ಲ, -5 ಇರಬೇಕಾದಲ್ಲಿ ಸೊನ್ನೆ. ಟಿಆರ್-4 ಹೋಗಿದೆ ಅಂತ ಅರ್ಥ. ತಕ್ಷಣ ಅಡಾಪ್ಟರ್ ತೆಗೆಯಿರಿ. -5 ಇಲ್ಲದೆ ಉಳಿದ ವೋಲ್ಟೇಜುಗಳು ಮಾತ್ರ ಹೋಗುತ್ತಿದ್ದರೆ 4116 ಹಾಳಾಗುತ್ತದೆ. 'ಇನ್ನೊಂದು ಸಲ ಹಾಕಿ ನೋಡೋಣ' ಅಂದಷ್ಟೂ ನಷ್ಟ.

ಟಿಆರ್-4 ಝಡ್‌ಟಿಎಕ್ಸ್650. ಅಗ್ಗದ ಟ್ರಾನ್ಸಿಸ್ಟರ್, ಇವತ್ತಿಗೂ ಸಿಗುತ್ತದೆ. ಹೊಸದು ಹಾಕಿಬಿಡೋಣ ಅನ್ನಿಸುತ್ತದೆ ಅಲ್ವಾ? ಬೇಡ. ಟಿಆರ್-4 ಸಾಯುವುದು ಹೆಚ್ಚಾಗಿ ಬೇರೆಯವರ ತಪ್ಪಿಗೆ. ಯಾವುದೋ ಮೆಮೊರಿ ಚಿಪ್ ಒಳಗೇ ಶಾರ್ಟ್ ಆಗಿ 12 ವೋಲ್ಟನ್ನೋ -5 ಅನ್ನೋ ಗ್ರೌಂಡಿಗೆ ಎಳೆದಿರುತ್ತದೆ. ಅದನ್ನು ಹಾಗೇ ಬಿಟ್ಟು ಹೊಸ ಟ್ರಾನ್ಸಿಸ್ಟರ್ ಹಾಕಿದರೆ ಅದೂ ಎರಡು ಸೆಕೆಂಡಿನಲ್ಲಿ ಹೋಗುತ್ತದೆ. ಮಾವನ ಮಶೀನಿನಲ್ಲಿ ನಾನು ಹೀಗೆ ಎರಡು ಸುಟ್ಟೆ.

ಕರೆಂಟು ತೆಗೆದು, ಮೀಟರನ್ನು ಓಮ್‌ಗೆ ತಿರುಗಿಸಿ, 8ನೇ ಕಾಲು ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಆಮೇಲೆ 1ನೇ ಕಾಲು ಮತ್ತು ಗ್ರೌಂಡ್. ಬರೀ ಕೆಲವು ಓಮ್ ಬಂದರೆ ಶಾರ್ಟ್ ಇದೆ. ಎಂಟೂ ಚಿಪ್ ಒಂದೇ ಲೈನಿನಲ್ಲಿ ಇರುವುದರಿಂದ ಕಳ್ಳ ಯಾರು ಅಂತ ಮೀಟರ್ ಹೇಳುವುದಿಲ್ಲ. ಕರೆಂಟ್ ಮಿತಿ ಹಾಕಬಲ್ಲ ಬೆಂಚ್ ಪವರ್ ಸಪ್ಲೈ ಸಿಕ್ಕರೆ ಟಿಆರ್-4 ತೆಗೆದಿಟ್ಟು ಆ ಲೈನಿಗೆ 1 ವೋಲ್ಟ್ ಮಾತ್ರ ಕೊಡಿ. ಎಂಟೂ ಚಿಪ್‌ಗಳ ಬೆನ್ನಿಗೆ ಆಲ್ಕೋಹಾಲ್ ಸವರಿ. ಶಾರ್ಟ್ ಆದದ್ದು ಬೆಚ್ಚಗಾಗಿ ಅದರ ಮೇಲಿನ ತೇವ ಎಲ್ಲಕ್ಕಿಂತ ಮೊದಲು ಆರುತ್ತದೆ. ನನ್ನದರಲ್ಲಿ ಐಸಿ-9. ಏಳು ಚಿಪ್ ಒದ್ದೆ ಮಿಂಚುತ್ತಿದ್ದಾಗ ಅದೊಂದರ ಬೆನ್ನು ಅಂಚಿನಿಂದ ಒಳಕ್ಕೆ ಮಾಸುತ್ತಾ ಬಂತು. ಅದನ್ನು ತೆಗೆದು ಅಳೆದರೆ 4 ಓಮ್ ಇದ್ದದ್ದು ಸಾವಿರ ದಾಟಿತು. ಟಿಆರ್-4 ಆಮೇಲೆ. ಟಿಆರ್-5 ಮತ್ತು ಕಾಯಿಲ್ ಅನ್ನೂ ಅಷ್ಟರಲ್ಲಿ ಅಳೆದುಬಿಡಿ. ಕಾಯಿಲಿನ ತಂತಿ ಕೂದಲಿನಷ್ಟು ತೆಳು, ಶಾರ್ಟ್ ಇದ್ದಾಗ ಅದೂ ಸುಡುತ್ತದೆ. ಹಳೆ ಟ್ರಾನ್ಸಿಸ್ಟರ್ ಯಾವ ಕಡೆ ಮುಖ ಮಾಡಿತ್ತು ಅಂತ ಫೋಟೋದಲ್ಲಿ ನೋಡಿಕೊಂಡೇ ಹೊಸದನ್ನು ಕೂರಿಸಿ.

ಪರದೆ ಏನು ಹೇಳುತ್ತಿದೆ

ವೋಲ್ಟೇಜ್ ಸರಿ ಇದ್ದರೆ ಟಿವಿ ಮುಂದೆ ಕೂರಿ. ಟಿವಿಯ ಆಂಟೆನಾ ಸಾಕೆಟ್ಟಿಗೆ ಹೋಗುವ ಹಳೆ ಆರ್‌ಎಫ್ ಔಟ್‌ಪುಟ್ ಆದರೆ ಯುಎಚ್‌ಎಫ್ 36ನೇ ಚಾನೆಲ್‌ನ ಆಸುಪಾಸು ಹುಡುಕಬೇಕು. ಟಿವಿಯಲ್ಲಿ ಬರೀ ಇರುವೆ ಹರಿದಾಡುತ್ತಿದ್ದರೆ ಟ್ಯೂನಿಂಗ್ ಮೇಲೆ ಮೊದಲ ಅನುಮಾನ ಇರಲಿ. ಆ ಆರ್‌ಎಫ್ ಹುಟ್ಟಿಸುವ ಮಾಡ್ಯುಲೇಟರ್ ಡಬ್ಬಿಯೊಳಗೆ ಬರುವ ಕಾಂಪೊಸಿಟ್ (ನೇರ ವಿಡಿಯೋ) ಸಿಗ್ನಲ್ ಅನ್ನು ನೇರ ಹೊರಗಿನ ಸಾಕೆಟ್ಟಿಗೆ ಜೋಡಿಸಿದರೆ ಈ ಕಾಟ ತಪ್ಪುತ್ತದೆ. ಆದರೆ ಅದನ್ನು ಮಶೀನ್ ಸರಿಯಾದ ಮೇಲೆ ಮಾಡಿ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಕೈಕೊಟ್ಟಿತು ಅಂತ ಗೊತ್ತಾಗುವುದಿಲ್ಲ.

ಆರೋಗ್ಯವಂತ 48ಕೆ ಹೀಗೆ ಏಳುತ್ತದೆ: ಸುತ್ತ ಬಿಳಿ ಅಂಚು, ನಡುವೆ ಕಪ್ಪು, ಆ ಕಪ್ಪಿನಲ್ಲಿ ಸಣ್ಣ ಸಣ್ಣ ಕೆಂಪು ಗೆರೆಗಳು. ಒಂದೆರಡು ಸೆಕೆಂಡ್ ಬಿಟ್ಟು ಎಲ್ಲ ಬೆಳ್ಳಗಾಗಿ ಕೆಳಗೆ ಸಿಂಕ್ಲೇರ್‌ನ 1982ರ ಕಾಪಿರೈಟ್ ಸಾಲು. ಆ ಕೆಂಪು ಗೆರೆ ಸುಮ್ನೆ ಬರುವುದಲ್ಲ. ರೋಮ್ (ROM), ಅಂದರೆ ಶಾಶ್ವತ ಮೆಮೊರಿಯಲ್ಲಿರುವ ಪ್ರೋಗ್ರಾಂ ಮೊದಲು ಅಂಚನ್ನು ಬಿಳಿ ಮಾಡುತ್ತದೆ. ಆಮೇಲೆ ಬರೆಯುವ ಮೆಮೊರಿಯ ಪ್ರತಿ ಬೈಟಿಗೂ 2 ತುಂಬುತ್ತದೆ. ಮತ್ತೆ ಒಂದೊಂದರಿಂದ ಎರಡು ಸಲ 1 ಕಳೆದು ಸೊನ್ನೆ ಬಂತಾ ಅಂತ ನೋಡುತ್ತದೆ. ಪರದೆಯ ಚಿತ್ರವೂ ಅದೇ ಮೆಮೊರಿಯಲ್ಲಿ ಇರುವುದರಿಂದ ಈ ತಪಾಸಣೆ ನಮ್ಮ ಕಣ್ಣಿಗೆ ಕಾಣುತ್ತದೆ.

ಹಾಗಾಗಿ ಅಂಚು ಬಿಳಿಯಾಯಿತು ಅಂದರೆ ಪ್ರೊಸೆಸರ್ ಓಡುತ್ತಿದೆ. ಅದೇ ದೊಡ್ಡ ಸಮಾಧಾನ. ಅಂಚು ಬಿಳಿಯಾಗದೆ ಪರದೆ ತುಂಬ ಅಲ್ಲಾಡದ ಪಟ್ಟೆಗಳಿದ್ದರೆ ಪ್ರೊಸೆಸರ್, ಅಂದರೆ ಝಡ್80 ಚಿಪ್, ಎದ್ದೇ ಇಲ್ಲ. ಅದರ 11ನೇ ಕಾಲಿನಲ್ಲಿ +5 ಇದೆಯಾ, 29 ಗ್ರೌಂಡಾ ನೋಡಿ. 26ನೆಯದು ರಿಸೆಟ್. ಅಡಾಪ್ಟರ್ ಹಾಕಿದ ಕ್ಷಣ ಕೆಳಗಿದ್ದು ನಂತರ 5ರ ಹತ್ತಿರ ಏರಬೇಕು, ಏರದಿದ್ದರೆ ರಿಸೆಟ್‌ನ ಕೆಪಾಸಿಟರ್ ನೋಡಿ. 6ನೆಯದು ಕ್ಲಾಕ್, 3.5 ಮೆಗಾಹರ್ಟ್ಸ್. ಆಸಿಲೋಸ್ಕೋಪ್ ಇಲ್ಲದಿದ್ದರೂ ಮೀಟರಿನಲ್ಲಿ ಅಲ್ಲಿ ನಡುವಿನ ಯಾವುದೋ ಅಂಕಿ ಬಂದರೆ ಅಲೆ ಇದೆ ಅನ್ನಬಹುದು, ಸೊನ್ನೆಯಲ್ಲೋ 5ರಲ್ಲೋ ನಿಂತಿದ್ದರೆ ಇಲ್ಲ. ಕ್ಲಾಕ್ ಕೊಡುವುದು ಪರದೆಯ ಚಿತ್ರವನ್ನೂ ನೋಡಿಕೊಳ್ಳುವ ಫೆರಾಂಟಿ ಕಂಪನಿಯ ಯುಎಲ್‌ಎ ಚಿಪ್, ಐಸಿ-1. ಅದು ಮಾಮೂಲಿಯಾಗಿಯೇ ಬಿಸಿಯಾಗುತ್ತದೆ, ಮುಟ್ಟಿ ಹೆದರಬೇಡಿ. ಯುಎಲ್‌ಎ ನಿಜಕ್ಕೂ ಸತ್ತಿದ್ದರೆ ಹೊಸ ಕಾಲದ ಬದಲಿಗಳಿವೆ, ಆದರೆ ಬೆಲೆ ಜಾಸ್ತಿ. ಅನುಮಾನ ಅದರ ಮೇಲೆ ಕೊನೆಗೆ ಬರಲಿ. ಝಡ್80 ಸುಲಭವಾಗಿ ಸಿಗುತ್ತದೆ. ಅದರ ತಯಾರಿಕೆ ನಿಲ್ಲಿಸುವುದಾಗಿ ಝೈಲಾಗ್ 2024ರಲ್ಲಿ ಹೇಳಿದ ಮೇಲೂ ಹಳೆ ದಾಸ್ತಾನು ಬೇಕಾದಷ್ಟಿದೆ.

ಅಂಚು ಬಿಳಿ, ಆದರೆ ನಡುವಿನ ಗೆರೆಗಳು ವಿಚಿತ್ರವಾಗಿ ನಿಂತುಬಿಟ್ಟಿವೆಯಾ? ಕೆಳಗಿನ ಮೆಮೊರಿಯ ಒಂದು ಬಿಟ್ (ಬೈಟಿನ ಎಂಟು 0/1 ಅಂಕೆಗಳಲ್ಲಿ ಒಂದು) ಅಂಟಿಕೊಂಡಿದೆ. ಯಾವ ಬಿಟ್ ಅಂತ ಪರದೆಯಲ್ಲೇ ಎಣಿಸಬಹುದು. ಗೆಳೆಯನೊಬ್ಬನ ಮಶೀನಿನಲ್ಲಿ ಕಪ್ಪು ಇರಬೇಕಾದಲ್ಲಿ ಹಸಿರು, ಅದರ ಮೇಲೆ ಪ್ರತಿ ಎಂಟು ಚುಕ್ಕೆಗೆ ಒಂದರ ಬದಲು ಎರಡು ಕೆಂಪು ಗೆರೆ. ಬರೆದದ್ದು 2, ಅಂದರೆ ಬಲದಿಂದ ಎರಡನೇ ಚುಕ್ಕೆ. ಅದು ಸರಿಯಾಗಿತ್ತು. ಜಾಸ್ತಿ ಬಂದದ್ದು ಬಲದಿಂದ ಆರನೆಯದು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಅದು 5ನೇ ಬಿಟ್, ಬೆಲೆ 32. ಬಣ್ಣದ ಬೈಟಿನಲ್ಲೂ ಅದೇ 32 ಸೇರಿಕೊಂಡು ಹಿನ್ನೆಲೆ ಹಸಿರಾಗಿತ್ತು. ಸೊನ್ನೆಯ ಬಿಟ್ ಐಸಿ-6ರಲ್ಲಿ, 7ನೆಯದು ಐಸಿ-13ರಲ್ಲಿ. ಲೆಕ್ಕ ಹಾಕಿದರೆ ಐಸಿ-11. ಬದಲಿಸಿದೆವು, ಎದ್ದಿತು. ಇಡೀ ಪರದೆ ಮಿಟುಕುತ್ತಿದ್ದರೆ 7ನೇ ಬಿಟ್ ಮೇಲೆ ಅನುಮಾನ, ಮಿಟುಕಿಸುವ ಗುರುತು ಇರುವುದು ಅದರಲ್ಲೇ. ಗೆರೆಗಳೆಲ್ಲ ಕಲಸುಮೇಲೋಗರವಾಗಿದ್ದರೆ ಒಂದು ಮೆಮೊರಿ ಚಿಪ್ಪಿನ ಕೆಲಸವಲ್ಲ. ವಿಳಾಸ ಹಂಚುವ ಐಸಿ-3, ಐಸಿ-4 ನೋಡಿ.

ಮೇಲಿನ 32ಕೆ

ಕಾಪಿರೈಟ್ ಸಾಲು ಬಂತು ಅಂತ ಡಬ್ಬಿ ಮುಚ್ಚಬೇಡಿ. ಮೇಲಿನ 32ಕೆ ಪೂರ್ತಿ ಸತ್ತಿದ್ದರೂ ಸ್ಪೆಕ್ಟ್ರಮ್ ಏನೂ ಆಗದವರ ಹಾಗೆ 16ಕೆ ಮಶೀನಾಗಿ ಏಳುತ್ತದೆ. ಹೀಗೆ ಟೈಪ್ ಮಾಡಿ:

ಪ್ರಿಂಟ್ ಪೀಕ್ 23732 + 256 * ಪೀಕ್ 23733

ಪೀಕ್ ಅಂದರೆ ಆ ವಿಳಾಸದ ಮೆಮೊರಿಯಲ್ಲಿರುವ ಅಂಕಿ ಓದುವುದು. ಪ್ರಿಂಟ್‌ಗೆ ಪಿ ಕೀ ಒಂದೇ ಸಾಕು. ಪೀಕ್‌ಗೆ ಎರಡೂ ಶಿಫ್ಟ್ ಒಟ್ಟಿಗೆ ಒತ್ತಿ ಬಿಟ್ಟು, ಆಮೇಲೆ ಓ. ಉತ್ತರ 65535 ಬಂದರೆ 48ಕೆ ಪೂರ್ತಿ ಇದೆ. 32767 ಬಂದರೆ ಮೇಲಿನದ್ದು ಇಲ್ಲ, ಅಥವಾ ನಿಮ್ಮದು ಹುಟ್ಟಾ 16ಕೆ ಮಶೀನು. ಐಸಿ-15ರಿಂದ 22ರವರೆಗೆ ಚಿಪ್ ಇವೆಯಾ ಅಂತ ಒಮ್ಮೆ ನೋಡಿಬಿಡಿ. ನಡುವಿನ ಅಂಕಿ ಬಂದರೆ ತಪಾಸಣೆ ಎಡವಿದ ಜಾಗ ಅದೇ.

ಈಗ ಪೋಕ್ 40000, 255 ಅಂತ ಕೊಟ್ಟು, ಅಂದರೆ 40000ನೇ ವಿಳಾಸದಲ್ಲಿ 255 ಬರೆದು, ಪ್ರಿಂಟ್ ಪೀಕ್ 40000 ಕೇಳಿ. 255ರ ಬದಲು 247 ಬಂತು ಅನ್ನೋಣ. 8 ಕಮ್ಮಿ, ಅಂದರೆ 3ನೇ ಬಿಟ್ ಬಿದ್ದುಹೋಗಿದೆ. ಇಲ್ಲಿ ಸೊನ್ನೆಯ ಬಿಟ್ ಐಸಿ-15, ಹಾಗಾಗಿ ಇದು ಐಸಿ-18. ಸೊನ್ನೆ ಪೋಕ್ ಮಾಡಿಯೂ ನೋಡಿ, 8 ಬಂದರೆ ಅದೇ ಬಿಟ್ 1ರಲ್ಲಿ ಅಂಟಿಕೊಂಡಿದೆ. ಬೇರೆ ಬೇರೆ ವಿಳಾಸಗಳಲ್ಲಿ ಪರೀಕ್ಷಿಸಿ. ಎಲ್ಲ ಬಿಟ್‌ಗಳೂ ತಪ್ಪಾಗಿದ್ದರೆ ಮೆಮೊರಿ ಬಿಟ್ಟು ಐಸಿ-23ರಿಂದ 26ರ ಕಡೆ ತಿರುಗಿ.

ಇಲ್ಲಿರುವ ಚಿಪ್ 4532. ಇದರ ಹಿಂದೆ ಸಿಂಕ್ಲೇರ್‌ನ ಜಿಪುಣತನದ ಒಂದು ಕಥೆ ಇದೆ. ಇವು ಅಸಲಿಗೆ ದುಪ್ಪಟ್ಟು ಗಾತ್ರದ ಚಿಪ್ಪುಗಳು, ಅರ್ಧ ಭಾಗ ಕೆಟ್ಟದ್ದರಿಂದ ಅಗ್ಗಕ್ಕೆ ಸಿಕ್ಕಿದ್ದವು. ಉಳಿದ ಒಳ್ಳೆಯ ಅರ್ಧವನ್ನಷ್ಟೇ ಬಳಸಿಕೊಂಡರು. ನಮಗೆ ಇದರಿಂದ ಲಾಭವೇ ಆಯಿತು. ಸುಲಭವಾಗಿ ಸಿಗುವ ಪೂರ್ತಿ ಒಳ್ಳೆಯ 4164 ಅನ್ನು ಅದೇ ಜಾಗಕ್ಕೆ ಹಾಕಬಹುದು. ಕೆಳಗಿನ 4116ರ ಜಾಗಕ್ಕೆ ಮಾತ್ರ ಹಾಗೆ ನೇರ ಹಾಕಬೇಡಿ, ಅಲ್ಲಿ 12 ವೋಲ್ಟ್ ಇದೆ.

ಚಿಪ್ ಕೀಳುವ ಕ್ರಮ

ಸತ್ತ ಚಿಪ್ಪನ್ನು ಉಳಿಸಲು ಹೋಗಬೇಡಿ, ಬೋರ್ಡನ್ನು ಉಳಿಸಿ. ಸಣ್ಣ ಕಟ್ಟರ್‌ನಿಂದ ಹದಿನಾರೂ ಕಾಲನ್ನು ಚಿಪ್ಪಿನ ಮೈಗೆ ಹತ್ತಿರ ಕತ್ತರಿಸಿ. ಮೈ ತೆಗೆದು ಬದಿಗಿಡಿ. ಉಳಿದ ಒಂದೊಂದು ಕಾಲಿಗೂ ಬಿಸಿ ಕೊಟ್ಟು ಚಿಮಟದಿಂದ ಎತ್ತಿ, ಆಮೇಲೆ ತೂತನ್ನು ಪಂಪಿನಿಂದ ಖಾಲಿ ಮಾಡಿ. ತೂತು ಬಿಡದಿದ್ದರೆ ಹೊಸ ಸೀಸ ಸ್ವಲ್ಪ ಸೇರಿಸಿ ಮತ್ತೆ ಹೀರಿ. ಒಣ ಬೆಸುಗೆಗೆ ಬಿಸಿ ಸರಿಯಾಗಿ ಹತ್ತುವುದಿಲ್ಲ. ಆ ಕಾಲದ ಬೋರ್ಡಿನ ತಾಮ್ರದ ಗೆರೆ ಅಂಟಿನ ಮೇಲೆ ಕೂತಿರುವುದು. ಒಂದೇ ಕಡೆ ಐದು ಸೆಕೆಂಡಿಗಿಂತ ಜಾಸ್ತಿ ಐರನ್ ಇಟ್ಟರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಖಾಲಿಯಾದ ಜಾಗಕ್ಕೆ ಸಾಕೆಟ್ ಹಾಕಿ. ಕೂರಿಸಿದ ಮೇಲೆ ಒಂದೊಂದು ಪಿನ್ನೂ ಪಕ್ಕದ ಪಿನ್ನಿಗೆ ತಾಗಿಲ್ಲ ಅಂತ ಮೀಟರಿನಲ್ಲಿ ಬೀಪ್ ಮಾಡಿ ನೋಡಿಕೊಂಡೇ ಕರೆಂಟು ಕೊಡಿ.

ಕೀಬೋರ್ಡು

ಎಲ್ಲ ಸರಿಯಾಗಿ ಕೀ ಒತ್ತಿದರೆ ಏನೂ ಬರುವುದಿಲ್ಲ. ಇದು ಮಾಮೂಲು. ನಲವತ್ತು ಕೀಗಳಿಗೆ ಎಂಟು ಮತ್ತು ಐದು, ಒಟ್ಟು ಹದಿಮೂರೇ ಗೆರೆ. ಯಾವ ಕೀಗಳು ಸತ್ತಿವೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಕ್ಯೂ, ಡಬ್ಲ್ಯು, ಇ, ಆರ್, ಟಿ ಹೀಗೆ ಒಂದೇ ಸಾಲಿನ ಐದು ಹೋಗಿದ್ದರೆ ಎಂಟು ಗೆರೆಯ ಪಟ್ಟಿಯಲ್ಲಿ ಒಂದು ಮುರಿದಿದೆ. 1, ಕ್ಯೂ, ಎ, ಕ್ಯಾಪ್ಸ್ ಶಿಫ್ಟ್ ಮತ್ತು ಆ ಕಡೆ 0, ಪಿ, ಎಂಟರ್, ಸ್ಪೇಸ್ ಒಟ್ಟಿಗೆ ಹೋಗಿದ್ದರೆ ಐದು ಗೆರೆಯ ಪಟ್ಟಿಯಲ್ಲಿ. ತುದಿಯಲ್ಲೇ ಮುರಿದಿದ್ದು ಪಟ್ಟಿ ಉದ್ದ ಇದ್ದರೆ ಅಷ್ಟನ್ನು ಕತ್ತರಿಸಿ ಮತ್ತೆ ಸಿಕ್ಕಿಸಬಹುದು. ನನ್ನ ಅನುಭವದಲ್ಲಿ ಅದು ಆರು ತಿಂಗಳ ಆಟ. ಹೊಸ ಮೆಂಬ್ರೇನ್ (ಆ ಪಟ್ಟಿಗಳ ಸಮೇತ ಕೀಗಳ ಅಡಿಯಲ್ಲಿರುವ ಪ್ಲಾಸ್ಟಿಕ್ ಹಾಳೆ) ಇವತ್ತಿಗೂ ತಯಾರಾಗುತ್ತದೆ, ಅದನ್ನೇ ತರಿಸಿ. ಹಾಕಬೇಕಾದರೆ ಮೇಲಿನ ಕಪ್ಪು ತಗಡು ಎತ್ತಬೇಕು, ಅದು ಡಬಲ್ ಟೇಪಿನಲ್ಲಿ ಅಂಟಿದೆ. ಹೇರ್ ಡ್ರೈಯರ್‌ನಿಂದ ಅಂಚು ಬಿಸಿ ಮಾಡುತ್ತಾ ಪ್ಲಾಸ್ಟಿಕ್ ಕಾರ್ಡು ತೂರಿಸಿ ಸ್ವಲ್ಪ ಸ್ವಲ್ಪವೇ ಬಿಡಿಸಿ. ಅವಸರ ಮಾಡಿದರೆ ತಗಡು ಸೊಟ್ಟಗಾಗುತ್ತದೆ, ಮತ್ತೆಂದೂ ನೇರವಾಗುವುದಿಲ್ಲ.

ಕೊನೆಯ ಪರೀಕ್ಷೆ ಟೇಪು

ಟೇಪ್ ರೆಕಾರ್ಡರ್ ಬೇಕಿಲ್ಲ. ಟೇಪಿನ ಸದ್ದನ್ನು ಆಡಿಯೋ ಫೈಲಾಗಿ ಮೊಬೈಲಿನಲ್ಲಿ ಇಟ್ಟುಕೊಂಡು, ಹೆಡ್‌ಫೋನ್ ಸಾಕೆಟ್ಟಿನಿಂದ ಸ್ಪೆಕ್ಟ್ರಮ್‌ನ 'ಇಯರ್' ಸಾಕೆಟ್ಟಿಗೆ ಮೊನೊ ವೈರ್ ಎಳೆಯಿರಿ. ವಾಲ್ಯೂಮ್ ಪೂರ್ತಿ. ನೋಟಿಫಿಕೇಶನ್ ಬಂದ್ ಮಾಡಿ. ಮಧ್ಯದಲ್ಲಿ ಒಂದು ಮೆಸೇಜಿನ ಟಿಂಗ್ ಬಂದರೂ ಲೋಡಿಂಗ್ ಕೆಡುತ್ತದೆ. ಜೆ ಒತ್ತಿದರೆ 'ಲೋಡ್' ಬರುತ್ತದೆ, ಸಿಂಬಲ್ ಶಿಫ್ಟ್ ಹಿಡಿದು ಪಿ ಎರಡು ಸಲ, ಎಂಟರ್. ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆ ಓಡಿದರೆ ಸದ್ದು ಒಳಗೆ ಹೋಗುತ್ತಿದೆ. ಅದು ನೀಲಿ-ಹಳದಿಗೆ ತಿರುಗಿದರೆ ಪ್ರೋಗ್ರಾಂ ಓದುತ್ತಿದೆ. ಪಟ್ಟೆ ಬರದಿದ್ದರೆ ಸಾಕೆಟ್ಟಿನೊಳಗೆ ಆಲ್ಕೋಹಾಲ್ ಹಾಕಿ ಪಿನ್ನನ್ನು ಹತ್ತು ಸಲ ತಿರುಗಿಸಿ.

ಮಾವನ ಮಶೀನನ್ನು ನಾನು ಪರೀಕ್ಷಿಸಿದ್ದು ಮೊಬೈಲಿನಿಂದಲ್ಲ. ಅದೇ ಡಬ್ಬಿಯಲ್ಲಿ ಅವರ ಕೈಬರಹದ ಒಂದು ಕ್ಯಾಸೆಟ್ ಇತ್ತು, 'ಅಡಿಕೆ ಲೆಕ್ಕ' ಅಂತ. ಮೂರನೇ ಸಲಕ್ಕೆ ಲೋಡ್ ಆಯಿತು. ಪರದೆ ಮೇಲೆ ಕ್ವಿಂಟಲ್ ಎಷ್ಟು ಅಂತ ಕೇಳಿತು. ಎರಡು ಅಂತ ಹಾಕಿದೆ, 1985ರ ರೇಟಿಗೆ ಗುಣಿಸಿ ಉತ್ತರ ಕೊಟ್ಟಿತು.